ಗಾನವೂ ಆರಾಧನೆಯೂ

ಸಂಗೀತವು ಭಕ್ತಿಗೆ ಸಾಧನವೋ, ಅಡ್ಡಿಯೋ? ಕ್ರೈಸ್ತ ಧರ್ಮದ ಇತಿಹಾಸದಲ್ಲಿ ಈ ಪ್ರಶ್ನೆ ಬಹಳ ಹಳೆಯದು. ಕ್ರಿ. ಶ. 400ರ ಸುಮಾರಿಗೆ ಸಂತ ಅಗಸ್ಟೀನನು ತನ್ನ ಆತ್ಮನಿವೇದನೆಯ ಗ್ರಂಥದಲ್ಲಿ ಇದನ್ನು ತೂಗಿ ನೋಡಿದ್ದಾನೆ. ಮಿಲಾನಿನ ದೇವಾಲಯದ ಗಾನಕ್ಕೆ ಕಣ್ಣೀರು ಸುರಿಸಿದವನೂ ಆತನೇ. ಹಾಡಿನ ಅರ್ಥಕ್ಕಿಂತ ಕಂಠದ ಇಂಪೇ ಮನಸ್ಸನ್ನು ಸೆಳೆದಾಗ ಅದನ್ನು ಪಾಪವೆಂದು ಹಳಿದುಕೊಂಡವನೂ ಆತನೇ. ಹದಿನಾರನೆಯ ಶತಮಾನದಲ್ಲಿ ಜೂರಿಕ್ ನಗರದ ಸುಧಾರಕ ಜ್ವಿಂಗ್ಲಿಯು ತಾನೇ ಹಲವು ವಾದ್ಯಗಳನ್ನು ಬಲ್ಲವನಾಗಿದ್ದರೂ ಆರಾಧನೆಯಿಂದ ಸಂಗೀತವನ್ನು ದೂರವಿರಿಸಿದನು. ಅದೇ ಕಾಲದಲ್ಲಿ ಜರ್ಮನಿಯ ಲೂಥರನು ಜನರ ಆಡುಮಾತಿನಲ್ಲಿ ಕೀರ್ತನೆಗಳನ್ನು ರಚಿಸಿ, ಅವು ಸಭೆಯವರೆಲ್ಲರ ಬಾಯಲ್ಲಿ ನಲಿಯುವಂತೆ ಮಾಡಿದನು.

ಇವರಲ್ಲಿ ಯಾರ ಮಾತು ಸರಿ? ಲೂಥರನ ಪಕ್ಷವೇ ಸರಿಯೆಂದು ನನ್ನ ಅಭಿಪ್ರಾಯ. ಬಾಖ್ 1727ರಲ್ಲಿ ಲೈಪ್‌ಜಿಗ್ ನಗರದ ದೇವಾಲಯದಲ್ಲಿ ಹಾಡಿಸಿದ 'ಸಂತ ಮತ್ತಾಯನ ಪ್ಯಾಶನ್' ಕೃತಿಯೇ ಇದಕ್ಕೆ ಸಾಕ್ಷಿ. ಕಡೆಯ ಭೋಜನದಲ್ಲಿ ಯೇಸುವು, ನಿಮ್ಮಲ್ಲೊಬ್ಬನು ನನ್ನನ್ನು ಹಿಡಿದುಕೊಡುವನೆಂದಾಗ, ಶಿಷ್ಯರು ಅದು ನಾನೋ ಎಂದು ತಳಮಳದಿಂದ ಕೇಳುತ್ತಾರೆ. ಆ ಮೇಳದಲ್ಲಿ ಸ್ವಾಮಿಯೆಂಬ ಕರೆ 11 ಬಾರಿ ಕೇಳಿಸುತ್ತದೆ. ಹನ್ನೆರಡನೆಯವನಾದ ಯೂದನ ದನಿ ಅಲ್ಲಿಲ್ಲ. ಒಡನೆಯೇ ಸಭೆಗೆ ಚಿರಪರಿಚಿತವಾದ ಧಾಟಿಯೊಂದು ಮೊದಲಾಗಿ, ಅಪರಾಧಿ ನಾನೇ ಎಂದು ಒಪ್ಪಿಕೊಳ್ಳುತ್ತದೆ. ಆ ಧಾಟಿಯೂ ಮೂಲದಲ್ಲಿ ಊರನ್ನಗಲುವವನ ಲೌಕಿಕ ಗೀತದ್ದು. ಎಂದೋ ನಡೆದ ಕಥೆಯನ್ನು ಕೇಳಲು ಕುಳಿತಿದ್ದವನು ಆ ಕ್ಷಣದಲ್ಲಿ ತನ್ನನ್ನೇ ಕಾಣುತ್ತಾನೆ. ಇಲ್ಲಿ ಇಂಪು ಅರ್ಥವನ್ನು ಮರೆಸಲಿಲ್ಲ. ಅದನ್ನು ಎದೆಗೆ ಮುಟ್ಟಿಸಿತು.

ನಮ್ಮ ಆಲಂಕಾರಿಕರು ರಸಾನಂದವನ್ನು ಬ್ರಹ್ಮಾನಂದದ ಸಹೋದರನೆಂದು ಕರೆದರೇ ಹೊರತು ಎರಡೂ ಒಂದೇ ಎನ್ನಲಿಲ್ಲ. ಅಗಸ್ಟೀನನ ಭಯಕ್ಕೆ ಈ ಅಂತರವೇ ಕಾರಣವಿರಬೇಕು. ನಾಲ್ವರು ನಿಪುಣರು ಹಾಡಿ, ಉಳಿದವರು ತಲೆದೂಗಿ ಮನೆಗೆ ಹೋದರೆ ಆ ಭಯ ನಿಜವೇ ಆಗುತ್ತದೆ. ಆದರೆ ಅದಕ್ಕೆ ಮದ್ದು ಸಂಗೀತವನ್ನು ಹೊರಗೆ ಹಾಕುವುದಲ್ಲ, ಎಲ್ಲರೂ ಹಾಡುವಂತೆ ಮಾಡುವುದು.

ಹಾಡು ಎಲ್ಲರದಾಗಬೇಕಾದರೆ ಅದು ಅವರ ನಾಡಿನ ಲಯದಲ್ಲಿರಬೇಕು. ಕನ್ನಡದ ನಿಘಂಟುಕಾರರೆಂದು ನಾವೆಲ್ಲರೂ ಬಲ್ಲ ಕಿಟ್ಟೆಲರು ಇದನ್ನು ಅರಿತಿದ್ದರು. ಬಾಸೆಲ್ ಮಿಶನ್ನಿನ ಪಾದ್ರಿಯಾಗಿ 1853ರಲ್ಲಿ ಬಂದ ಅವರು, 1862ರ ತಮ್ಮ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸುಗಳಲ್ಲಿಯೇ ಹೇಳಿದರು.

ಗ್ರಂಥವನ್ನೂ ಪ್ರವಚನವನ್ನೂ ಅರಿಯಲು ವಿದ್ಯೆ ಬೇಕು. ಅಕ್ಷರವಿಲ್ಲದ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರಿಗೆ ಗೊತ್ತು, ಓದುಬರದವರ ಮನೆಯಲ್ಲಿ ಹಾಡೇ ಪುಸ್ತಕ. ಸೌಂದರ್ಯವನ್ನು ಆರಾಧನೆಯಿಂದ ಹೊರಗಿಟ್ಟರೆ ಪಂಡಿತನಿಗೆ ಅಂಥ ನಷ್ಟವಿಲ್ಲ. ಆ ಬಡವನ ಕೈಯಲ್ಲಿರುವ ಒಂದೇ ಗ್ರಂಥವನ್ನು ಕಿತ್ತುಕೊಂಡಂತಾಗುತ್ತದೆ.