ತೆರೆಯದ ಪತ್ರದಿಂದ ಬಂದ ಅಪಾಯ

ಅಪರಿಚಿತರ ಮಿಂಚಂಚೆಯ ಲಗತ್ತನ್ನು ತೆರೆಯಬೇಡಿ ಎಂದು ನಾವು ಮಕ್ಕಳಿಗೂ ಹೆತ್ತವರಿಗೂ ಹೇಳುತ್ತ ಬಂದಿದ್ದೇವೆ. 2023ರ ಬಾರಾಕುಡಾ ಪ್ರಕರಣದಲ್ಲಿ ಈ ಬುದ್ಧಿವಾದ ಯಾರನ್ನೂ ಕಾಪಾಡುವಂತಿರಲಿಲ್ಲ. ಅಲ್ಲಿ ಪತ್ರವನ್ನು ಮನುಷ್ಯರು ತೆರೆಯಬೇಕಾಗಿಯೇ ಇರಲಿಲ್ಲ. ತಪಾಸಣೆಗೆಂದು ಇಟ್ಟ ಯಂತ್ರವೇ ಅದನ್ನು ತೆರೆಯುತ್ತಿತ್ತು.

ಅಮೆರಿಕದ ಬಾರಾಕುಡಾ ನೆಟ್‌ವರ್ಕ್ಸ್ ಕಂಪೆನಿಯ 'ಇಮೇಲ್ ಸೆಕ್ಯುರಿಟಿ ಗೇಟ್‌ವೇ' ಎಂಬ ಸಾಧನ, ಕಚೇರಿಗೆ ಬರುವ ಮಿಂಚಂಚೆಗಳನ್ನು ಜಾಲಾಡಿ ಕಸವನ್ನೂ ವೈರಸ್ಸನ್ನೂ ತಡೆಯುವಂಥದು. 'ಟಾರ್' ಮಾದರಿಯ ಕಟ್ಟಿನೊಳಗಿನ ಕಡತಗಳ ಹೆಸರನ್ನು ಅದು ಸರಿಯಾಗಿ ಶೋಧಿಸದೆ ಮುಂದಿನ ಹಂತಕ್ಕೆ ದಾಟಿಸುತ್ತಿತ್ತು. ಹೆಸರಿನಲ್ಲಿ ಆಜ್ಞೆಯೊಂದನ್ನು ಹುದುಗಿಸಿದರೆ ಸಾಧನ ಅದನ್ನು ಪಾಲಿಸಿಬಿಡುತ್ತಿತ್ತು. ಹಾಜರಿ ಪಟ್ಟಿಯಲ್ಲಿ ಮಗುವಿನ ಹೆಸರಿನ ಜಾಗದಲ್ಲಿ 'ಕಚೇರಿಯ ಕಪಾಟು ತೆರೆ' ಎಂದು ಬರೆದಿದ್ದರೆ, ಓದಿದ ಶಿಕ್ಷಕರು ಎದ್ದುಹೋಗಿ ಕಪಾಟು ತೆರೆದಂತೆ.

ಕಂಪೆನಿ ಇದನ್ನು ಗುರುತಿಸಿದ್ದು ಮೇ 19ರಂದು. ಮರುದಿನವೇ ತೇಪೆ ಹಾಕಿತು. ಆದರೆ ದುರುಪಯೋಗ 2022ರ ಅಕ್ಟೋಬರಿನಲ್ಲೇ ಆರಂಭವಾಗಿತ್ತು. ಏಳು ತಿಂಗಳು ಒಳಗೆ ಕುಳಿತವರನ್ನು ಹೊರಹಾಕಲು ತೇಪೆ ಸಾಲಲಿಲ್ಲ. ಜೂನ್ ತಿಂಗಳಲ್ಲಿ ಕಂಪೆನಿ, ಬಾಧಿತ ಸಾಧನಗಳನ್ನೇ ಬದಲಿಸಿ ಎಂದಿತು. ಇಂಥ ಸಲಹೆ ಅಪರೂಪ. ತನಿಖೆ ನಡೆಸಿದ ಮ್ಯಾಂಡಿಯಂಟ್ ಸಂಸ್ಥೆ, ಇದು ಚೀನಾದ ನಂಟುಳ್ಳ ಬೇಹುಗಾರಿಕೆ ಎಂದು ಶಂಕಿಸಿತು. ಬಾಧಿತ ಸಂಸ್ಥೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಸರಕಾರಿ ಸಂಸ್ಥೆಗಳಾಗಿದ್ದವು.

ಭಾಷಾ ಶಿಕ್ಷಕರಾದ ನಮ್ಮನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ವಿವರ. ಆ ಪತ್ರಗಳ ವ್ಯಾಕರಣ ಕೆಟ್ಟದ್ದಾಗಿತ್ತು, ಬಹುಶಃ ಬೇಕೆಂದೇ. ಕಸದ ಪತ್ರದಂತೆ ಕಂಡರೆ ತಜ್ಞರೂ ಆಳವಾಗಿ ನೋಡುವುದಿಲ್ಲ ಎಂಬ ಲೆಕ್ಕಾಚಾರವಿದ್ದಿರಬೇಕು ಎಂದು ತನಿಖಾಧಿಕಾರಿಗಳು ಭಾವಿಸಿದರು. ತಪ್ಪು ಕಾಗುಣಿತವೇ ವಂಚನೆಯ ಗುರುತು, ಗುರುತಿಸಿ ಬದಿಗಿಟ್ಟರಾಯಿತು ಎಂದು ತರಗತಿಯಲ್ಲಿ ನಾವು ಕಲಿಸಿದ್ದು ಅರ್ಧಪಾಠವೆಂದಾಯಿತು.

ಇಂದು ವಿದ್ಯಾರ್ಥಿವೇತನದ ಅರ್ಜಿ, ಆಧಾರ್ ಪ್ರತಿ, ವರ್ಗಾವಣೆ ಪತ್ರ, ಎಲ್ಲವೂ ಲಗತ್ತಾಗಿ ಕಚೇರಿಗಳಿಗೆ ಹೋಗುತ್ತಿವೆ. ಅವನ್ನು ಸ್ವೀಕರಿಸುವ ಕಡೆಯ ಕಾವಲು ಹೇಗಿದೆಯೆಂದು ಹೆತ್ತವರು ಮನೆಯಲ್ಲಿ ಕುಳಿತು ಪರೀಕ್ಷಿಸಲಾರರು. ಆ ಹೊಣೆ ಮಾಹಿತಿ ಕೇಳಿದವರದು. ದೋಷ ತಿಳಿದಾಗ ಬಾಧಿತರಿಗೆ ಹೇಳುವುದೂ ಅವರದೇ ಹೊಣೆ, ಅದೂ ಅರ್ಥವಾಗುವ ಭಾಷೆಯಲ್ಲಿ. ಕಾಸರಗೋಡಿನ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೇರಳದ ಅಧಿಕೃತ ಭಾಷಾ ಶಾಸನ ನೀಡಿದೆ. ಮುಂದಿನ ಹೆತ್ತವರ ಸಭೆಯಲ್ಲಿ ಎರಡು ಪ್ರಶ್ನೆಗಳನ್ನು ಬರೆದು ಕೊಡೋಣ: ನಮ್ಮ ಮಕ್ಕಳ ದಾಖಲೆಗಳು ಯಾವ ಅಂಚೆಪೆಟ್ಟಿಗೆಯಲ್ಲಿ ಎಷ್ಟು ಕಾಲ ಉಳಿಯುತ್ತವೆ? ಅವು ಸೋರಿದರೆ ನಮಗೆ ಕನ್ನಡದಲ್ಲಿ ತಿಳಿಸುವವರು ಯಾರು?