ಅಲೆಯ ಹಲಗೆಗೆ ತೇಪೆ

ಉಗುರಿನಿಂದ ಹೋಗುವುದಕ್ಕೆ ಕೊಡಲಿ ಬೇಕಾಯಿತು ಎಂಬ ಗಾದೆ ನಮ್ಮಲ್ಲಿದೆ. ಈ ಮಾತು ಕಡಲಿಗೂ ಸಲ್ಲುತ್ತದೆ. ಅಲೆಗಳ ಮೇಲೆ ನಿಂತು ಜಾರುವ ಸರ್ಫಿಂಗ್ ಆಟದಲ್ಲಿ, ಕಾಲಡಿಯ ಹಲಗೆಗೆ ಕಲ್ಲು ತಾಗಿಯೋ, ಇನ್ನೊಬ್ಬರ ಹಲಗೆ ಬಡಿದೋ, ಮನೆಗೆ ತರುವಾಗ ಗೋಡೆಗೆ ತಗುಲಿಯೋ ಉಗುರಿನಗಲದ ಬಿರುಕು ಬೀಳುತ್ತದೆ. ನೋಡಲು ಏನೂ ಅಲ್ಲ. ಹಲಗೆ ಮೊದಲಿನಂತೆಯೇ ತೇಲುತ್ತದೆ. ಮನೆಯಲ್ಲಿ ಬೈದಾರೆಂದು ಹುಡುಗ ಸುಮ್ಮನಿರುತ್ತಾನೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಹಲಗೆ ಭಾರವಾಗಿರುತ್ತದೆ. ಬಿರುಕಿನ ಸುತ್ತ ಹಳದಿ ಕಲೆ. ಬೆರಳಿಂದ ಒತ್ತಿದರೆ ಮೆತ್ತಗೆ. ಕೊನೆಗೊಂದು ದಿನ ಸಾಧಾರಣ ಅಲೆಯೊಂದು ಅದನ್ನು ಎರಡು ತುಂಡು ಮಾಡುತ್ತದೆ. ಕಲ್ಲು ಮಾಡಿದ್ದು ಉಗುರಿನಗಲದ ಗಾಯವನ್ನಷ್ಟೆ. ಉಳಿದುದನ್ನೆಲ್ಲ ಒಳಹೊಕ್ಕ ನೀರು ಮಾಡಿತು.

ಈ ಆಟ ಈಗ ಕನ್ನಡ ನಾಡಿಗೆ ಅಪರಿಚಿತವಲ್ಲ. ದಕ್ಷಿಣ ಕನ್ನಡದ ಮುಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾದುದು 2004ರಲ್ಲಿ. ಸಮೀಪದ ಸಸಿಹಿತ್ಲು ಕಡಲ ತೀರದಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಕರಾವಳಿಯ ಮಕ್ಕಳು ಹಲಗೆ ಹಿಡಿದು ನೀರಿಗಿಳಿಯುತ್ತಿರುವಾಗ, ಅದರ ಸಣ್ಣಪುಟ್ಟ ಗಾಯವನ್ನು ವಾಸಿ ಮಾಡುವ ಬಗೆಯನ್ನೂ ತಿಳಿದಿರುವುದು ಒಳ್ಳೆಯದು. ಅದರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡರ ಪಾಠವೂ ಅಡಗಿದೆ.

ಹಲಗೆಯೊಳಗೆ ಏನಿದೆ?

ಹೆಸರು ಹಲಗೆಯಾದರೂ ಇಂದಿನ ಸರ್ಫಿಂಗ್ ಹಲಗೆ ಹೆಚ್ಚಾಗಿ ಮರದ್ದಲ್ಲ. ಆಟದ ತವರಾದ ಹವಾಯಿ ದ್ವೀಪಗಳಲ್ಲಿ ಹಿಂದೆ ಕೋಅ, ವಿಲಿವಿಲಿ ಮುಂತಾದ ಮರಗಳನ್ನು ಕೆತ್ತಿ ಹಲಗೆ ಮಾಡುತ್ತಿದ್ದರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಈಜಿನ ಚಿನ್ನ ಗೆದ್ದ ಹವಾಯಿಯ ಡ್ಯೂಕ್ ಕಹಾನಮೋಕು, ಮುಂದೆ ಆಸ್ಟ್ರೇಲಿಯಾದ ಜನರಿಗೆ ಅಲೆಸವಾರಿ ತೋರಿಸಿದ್ದೂ ಮರದ ಹಲಗೆಯ ಮೇಲೆಯೇ. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ನೊರೆಯಿಂದ ಹಲಗೆಯ ತಿರುಳು ತಯಾರಿಸುವ ವಿಧಾನವನ್ನು ಬಳಕೆಗೆ ತಂದರು. ಹಲಗೆ ಹಗುರವಾಯಿತು, ಅಗ್ಗವಾಯಿತು.

ಈ ತಿರುಳಿನ ಮೇಲೆ ಗಾಜಿನ ನಾರಿನ ಬಟ್ಟೆ ಹೊದಿಸಿ, ಅದಕ್ಕೆ ರೆಸಿನ್ ಎಂಬ ಅಂಟುರಾಳ ಕುಡಿಸಿ ಗಟ್ಟಿಯಾಗಲು ಬಿಡುತ್ತಾರೆ. ಮೀನುಗಾರರ ಫೈಬರ್ ದೋಣಿಯ ಮೈಯೂ ಇಂಥ ಗಾಜಿನ ನಾರು ಮತ್ತು ರಾಳದ್ದೇ. ಹಲಗೆಯ ಬಲವೆಲ್ಲ ಈ ತೆಳ್ಳನೆಯ ತೊಗಲಿನಲ್ಲಿದೆ. ಮೇಲಿನ ಮತ್ತು ಕೆಳಗಿನ ತೊಗಲುಗಳು ಒಂದರಿಂದೊಂದು ದೂರವಿರುವಂತೆ ಹಿಡಿದಿಡುವುದು ತಿರುಳಿನ ಕೆಲಸ. ತೊಗಲು ತಿರುಳಿನಿಂದ ಬಿಟ್ಟುಕೊಂಡರೆ ಹಲಗೆ ಮುರಿಯಲು ತಡವಿಲ್ಲ.

ಬಿರುಕು ನೀರು ಕುಡಿಯುವ ಬಗೆ

ಸಾಧಾರಣ ಗಿಡ್ಡ ಹಲಗೆಯೊಂದರ ತೂಕ ಸುಮಾರು ಮೂರು ಕಿಲೋಗ್ರಾಂ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಅರ್ಧ ಲೀಟರ್ ಒಳಹೊಕ್ಕರೂ ಹಲಗೆಯ ತೂಕ ಆರನೆಯ ಒಂದು ಪಾಲಿನಷ್ಟು ಹೆಚ್ಚಿತು.

ಅಷ್ಟು ಸಣ್ಣ ಬಿರುಕಿನಲ್ಲಿ ನೀರು ಹೋಗುವುದಾದರೂ ಹೇಗೆ? ಪ್ರೌಢಶಾಲೆಯಲ್ಲಿ ಕಲಿಯುವ ಚಾರ್ಲ್ಸ್ ನಿಯಮ ಇಲ್ಲಿ ಕೆಲಸ ಮಾಡುತ್ತದೆ. ದಡದ ಬಿಸಿಲಿನಲ್ಲಿ ಬಿದ್ದಿದ್ದ ಹಲಗೆಯೊಳಗಿನ ಗಾಳಿ 47 ಡಿಗ್ರಿ ಸೆಲ್ಸಿಯಸ್‌ಗೆ ಕಾದಿದೆ ಎನ್ನೋಣ. ಸಮುದ್ರದ ನೀರು 27 ಡಿಗ್ರಿ. ನಿರಪೇಕ್ಷ ಮಾನದಲ್ಲಿ ಇವು 320 ಮತ್ತು 300 ಕೆಲ್ವಿನ್. ಹಲಗೆ ನೀರಿಗಿಳಿದು ತಣಿದಾಗ ಒಳಗಿನ ಗಾಳಿ ನೂರಕ್ಕೆ ಆರರಷ್ಟು ಕುಗ್ಗಬೇಕು. ತೊಗಲು ಗಟ್ಟಿಯಾದ್ದರಿಂದ ಹಲಗೆ ಕುಗ್ಗುವಂತಿಲ್ಲ. ಒಳಗೆ ಒತ್ತಡ ಇಳಿಯುತ್ತದೆ. ಆಗ ಬಿರುಕು ಹೀರುಕೊಳವೆಯಾಗುತ್ತದೆ. ಹಲಗೆ ಸ್ವತಃ ನೀರನ್ನು ಸೆಳೆದುಕೊಳ್ಳುತ್ತದೆ.

ಆದ್ದರಿಂದ ಬಿರುಕು ಕಂಡೊಡನೆ ಹಲಗೆಯನ್ನು ನೀರಿನಿಂದ ಹೊರಗೆ ತರಬೇಕು. ಸಿಹಿನೀರಿನಲ್ಲಿ ಉಪ್ಪು ತೊಳೆದು, ಬಿರುಕು ಕೆಳಮುಖವಾಗುವಂತೆ ನೆರಳಿನಲ್ಲಿ ಗಾಳಿಯಾಡುವಲ್ಲಿ ನಿಲ್ಲಿಸಬೇಕು. ಬೇಗ ಒಣಗಲೆಂದು ಉರಿಬಿಸಿಲಿಗೆ ಇಡಬಾರದು. ಒಳಗಿನ ಗಾಳಿ ಹಿಗ್ಗಿ ತೊಗಲನ್ನೇ ಎಬ್ಬಿಸೀತು. ಒಣಗಲು ಕೆಲವು ದಿನಗಳು ಬೇಕು, ಮಳೆಗಾಲದಲ್ಲಿ ವಾರಗಳೂ ಆದಾವು. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಒದ್ದೆಯಿರುವಾಗಲೇ ತೇಪೆ ಹಾಕಿದರೆ ಹೊರಗೆ ಅಂದವಾಗಿ ಕಾಣುತ್ತದೆ, ನೀರು ಮಾತ್ರ ಒಳಗೇ ಸೆರೆಯಾಗುತ್ತದೆ. ತೇಪೆಯೂ ನಿಲ್ಲುವುದಿಲ್ಲ.

ತಿರುಳು ಯಾವುದು, ಅಂಟು ಯಾವುದು?

2005ರ ಡಿಸೆಂಬರಿನಲ್ಲಿ ಗಾರ್ಡನ್ ಕ್ಲಾರ್ಕ್ ತಮ್ಮ ನೊರೆಯ ಕಾರ್ಖಾನೆಯನ್ನು ದಿಢೀರನೆ ಮುಚ್ಚಿದರು. ಅಮೆರಿಕದ ಹಲಗೆ ತಯಾರಕರು ಹೆಚ್ಚಾಗಿ ನೆಚ್ಚಿಕೊಂಡಿದ್ದುದು ಅದನ್ನೇ. ಅಲ್ಲಿಂದ ಮುಂದೆ ಇನ್ನೊಂದು ತಿರುಳಿನ ಬಳಕೆಯೂ ಹೆಚ್ಚಿತು: ಪಾಲಿಸ್ಟೈರೀನ್ ನೊರೆ, ಅಂದರೆ ನಮ್ಮ ಥರ್ಮಾಕೋಲಿನ ಜಾತಿಯದು. ಹಾಗಾಗಿ ಇಂದು ಎರಡೂ ಬಗೆಯ ಹಲಗೆಗಳಿವೆ. ರಿಪೇರಿಗೆ ಕೈಹಾಕುವ ಮೊದಲು ಇದು ಯಾವುದೆಂದು ತಿಳಿಯಲೇಬೇಕು.

ಶಾಲೆಯ ವಸ್ತುಪ್ರದರ್ಶನಕ್ಕೆ ಥರ್ಮಾಕೋಲಿನ ಮಾದರಿ ಮಾಡಿದ ಮಕ್ಕಳಿಗೆ ಇದರ ಕಾರಣ ಗೊತ್ತು. ಕೆಲವು ಅಂಟುಗಳನ್ನು ಹಚ್ಚಿದ ಕೂಡಲೇ ಥರ್ಮಾಕೋಲ್ ಕರಗಿ ಗುಂಡಿ ಬೀಳುತ್ತದೆ. ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಎಂಬ ದ್ರವವಿದೆ. ಪಾಲಿಸ್ಟೈರೀನ್ ಅದರಲ್ಲಿ ಕರಗುತ್ತದೆ. ಪಾಲಿಯುರೆಥೇನ್ ಹಲಗೆಯನ್ನು ಉಳಿಸುವ ಪಾಲಿಯೆಸ್ಟರ್, ಪಾಲಿಸ್ಟೈರೀನ್ ಹಲಗೆಯ ಬಿರುಕನ್ನು ಗುಹೆ ಮಾಡುತ್ತದೆ. ಎಪಾಕ್ಸಿ ರೆಸಿನ್ ಎರಡಕ್ಕೂ ಹೊಂದುತ್ತದೆ. ಗಾಯದೊಳಗೆ ಮಣಿಮಣಿಯಾದ ಬಿಳಿ ಕಾಳುಗಳು ಕಂಡರೆ ಅದು ಥರ್ಮಾಕೋಲಿನ ಜಾತಿ. ಗೊತ್ತಾಗದಿದ್ದರೆ ಎಪಾಕ್ಸಿಯೇ ಕ್ಷೇಮ.

ತೇಪೆ ಹಾಕುವ ಕ್ರಮ

ಮೊದಲು ಕಾಲು ಜಾರದಿರಲೆಂದು ಹಲಗೆಗೆ ತಿಕ್ಕಿದ ಮೇಣವನ್ನು ಗಾಯದ ಸುತ್ತ ಪೂರ್ತಿ ತೆಗೆಯಬೇಕು. ಮೇಣದ ಮೇಲೆ ಯಾವ ಅಂಟೂ ಹಿಡಿಯದು. ಸಡಿಲವಾದ ತೊಗಲನ್ನೂ ಕೊಳೆತ ತಿರುಳನ್ನೂ ಚೂರಿಯಿಂದ ಕತ್ತರಿಸಿ ತೆಗೆಯಬೇಕು. ಸುತ್ತಲಿನ ಎರಡು ಬೆರಳಗಲ ಜಾಗವನ್ನು 80ನೇ ನಂಬರಿನ ಸ್ಯಾಂಡ್‌ಪೇಪರಿನಿಂದ ಉಜ್ಜಿ ಒರಟು ಮಾಡಬೇಕು. ಗಟ್ಟಿಯಾದ ಹಳೆಯ ರಾಳದ ನುಣುಪು ಮೈಗೆ ಹೊಸ ರಾಳ ಅಂಟುವುದಿಲ್ಲ, ಗೀರುಗಳಲ್ಲಿ ಮಾತ್ರ ಕಚ್ಚಿಕೊಳ್ಳುತ್ತದೆ.

ಗುಂಡಿ ಬಿದ್ದಿದ್ದರೆ, ರೆಸಿನ್‌ಗೆ ಟೊಳ್ಳು ಗಾಜಿನ ಸೂಕ್ಷ್ಮ ಗುಂಡುಗಳ ಪುಡಿ ಬೆರೆಸಿ ಹಿಟ್ಟಿನಂತೆ ಮಾಡಿ ತುಂಬಬೇಕು. ಪುಡಿಯಿಂದ ತೂಕ ಕಡಿಮೆಯಾಗುತ್ತದೆ. ಅದು ಗಟ್ಟಿಯಾದ ಮೇಲೆ ಮಟ್ಟಸ ಮಾಡಿ, ಗಾಯಕ್ಕಿಂತ ದೊಡ್ಡದಾದ ಗಾಜಿನ ಬಟ್ಟೆಯ ತುಂಡೊಂದನ್ನು ಇಟ್ಟು, ಬಟ್ಟೆ ಪಾರದರ್ಶಕವಾಗುವವರೆಗೆ ರೆಸಿನ್ ಕುಡಿಸಬೇಕು. ಅದರ ಮೇಲೆ ಇನ್ನೂ ಕೊಂಚ ದೊಡ್ಡದಾದ ಎರಡನೆಯ ತುಂಡು. ಸೇರಿದ ರೆಸಿನ್ ಗಟ್ಟಿಯಾದ ನಂತರ ಮೇಲೊಂದು ತೆಳು ಲೇಪ. ಕೊನೆಗೆ 120, 220, 400ನೇ ನಂಬರಿನ ಕಾಗದಗಳಿಂದ ಕ್ರಮವಾಗಿ ಉಜ್ಜಿದರೆ ತೇಪೆ ಕೈಗೆ ಸಿಗದಷ್ಟು ನುಣುಪಾಗುತ್ತದೆ.

ಈ ಕೆಲಸವನ್ನು ಸಂಜೆ, ಹವೆ ತಣಿಯುತ್ತಿರುವಾಗ ಮಾಡುವುದು ಲೇಸು. ಬೆಳಿಗ್ಗೆ ಹಚ್ಚಿದರೆ ಬಿಸಿಲೇರಿದಂತೆ ಒಳಗಿನ ಗಾಳಿ ಹಿಗ್ಗಿ ಹಸಿ ರೆಸಿನ್‌ನಲ್ಲಿ ಗುಳ್ಳೆ ಏಳಿಸುತ್ತದೆ. ಇಲ್ಲಿಯೂ ಚಾರ್ಲ್ಸ್ ನಿಯಮವೇ.

ಗಟ್ಟಿಯಾಗುವ ರಹಸ್ಯ

ರೆಸಿನ್ ಗಟ್ಟಿಯಾಗುವುದು ಬಣ್ಣದಂತೆ ಒಣಗಿ ಅಲ್ಲ. ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ. ಪಾಲಿಯೆಸ್ಟರ್‌ಗೆ ನೂರು ಗ್ರಾಂಗೆ ಒಂದೆರಡು ಗ್ರಾಂನಷ್ಟು ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್ ಬೆರೆಸಿದಾಗ ಈ ಕ್ರಿಯೆ ಶುರುವಾಗುತ್ತದೆ. ಅಂಗಡಿಯಲ್ಲಿ ಇದನ್ನು ಕ್ಯಾಟಲಿಸ್ಟ್ ಎನ್ನುತ್ತಾರೆ. ಆದರೆ ವೇಗವರ್ಧಕ ಕ್ರಿಯೆಯ ಕೊನೆಗೆ ಹಾಗೆಯೇ ಉಳಿಯಬೇಕೆಂಬುದು ಪಾಠದ ವ್ಯಾಖ್ಯೆ. ಇದು ಒಡೆದು ಖರ್ಚಾಗುತ್ತದೆ. ಆದ್ದರಿಂದ ಕ್ರಿಯೆಯ ಪ್ರಾರಂಭಕ ಎನ್ನುವುದೇ ಸರಿ. ಎಪಾಕ್ಸಿಯಲ್ಲಿ ಎರಡನೆಯ ಬಾಟಲಿಯ ದ್ರವ ತಾನೇ ಬಲೆಯ ಭಾಗವಾಗುತ್ತದೆ. ಬೇಗ ಗಟ್ಟಿಯಾಗಲೆಂದು ಅದನ್ನು ಹೆಚ್ಚು ಸುರಿದರೆ ಕೊಂಡಿ ಸಿಗದ ಅಣುಗಳು ಉಳಿದು ತೇಪೆ ಮೆತ್ತಗಾಗುತ್ತದೆ. ಚೀಟಿಯಲ್ಲಿರುವ ಅಳತೆಯನ್ನೇ ಪಾಲಿಸಬೇಕು.

ಪಾಲಿಯೆಸ್ಟರ್‌ನ ಮೇಲ್ಮೈ ಕೆಲವೊಮ್ಮೆ ಅಂಟಂಟಾಗಿಯೇ ಉಳಿಯುತ್ತದೆ. ಗಾಳಿಯ ಆಮ್ಲಜನಕ ಅಲ್ಲಿನ ಕ್ರಿಯೆಯನ್ನು ತಡೆಯುವುದೇ ಕಾರಣ. ಕೊನೆಯ ಲೇಪದ ರೆಸಿನ್‌ಗೆ ತಯಾರಕರು ತುಸು ಮೇಣ ಸೇರಿಸಿರುತ್ತಾರೆ. ಅದು ಮೇಲಕ್ಕೆ ತೇಲಿ ಬಂದು ಗಾಳಿಗೆ ಮುಚ್ಚಳವಾಗುತ್ತದೆ. ಮೊದಲು ಶತ್ರುವಾಗಿದ್ದ ಮೇಣ ಕೊನೆಯಲ್ಲಿ ಮಿತ್ರ.

ಎಚ್ಚರಿಕೆಗಳು ಕೆಲವಿವೆ. ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. ಲೋಟದಲ್ಲಿ ರಾಶಿಯಾಗಿ ಉಳಿದ ರೆಸಿನ್ ಹೊಗೆಯಾಡುವಷ್ಟು ಕಾದೀತು. ಪೆರಾಕ್ಸೈಡ್ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ದೋಣಿ ಕಟ್ಟುವಲ್ಲಿ ಬಳಸುವ ಕೋಬಾಲ್ಟ್ ದ್ರಾವಣದೊಂದಿಗೆ ಅದನ್ನು ನೇರವಾಗಿ ಬೆರೆಸಿದರೆ ಸ್ಫೋಟವಾಗಬಹುದು. ಉಜ್ಜುವಾಗ ಏಳುವ ಗಾಜಿನ ದೂಳು ಶ್ವಾಸಕೋಶಕ್ಕೆ ಕೆಟ್ಟದು. ಕೈಗವಸು, ಕನ್ನಡಕ, ಮುಖಗವಸು ಧರಿಸಿ, ಬಯಲಿನಲ್ಲಿ, ದೊಡ್ಡವರು ಜೊತೆಯಲ್ಲಿರುವಾಗಲೇ ಈ ಕೆಲಸ ಮಾಡಬೇಕು. ಹಲಗೆ ನಡುವೆ ಮಡಿಚಿದಂತೆ ಬಿರಿದಿದ್ದರೆ, ಇಲ್ಲವೇ ಕೆಳಗಿನ ರೆಕ್ಕೆಯ ಬುಡ ಅಲುಗುತ್ತಿದ್ದರೆ ಅದು ಸಣ್ಣ ಗಾಯವಲ್ಲ. ಅನುಭವಿ ಕುಶಲಕರ್ಮಿಗೇ ಒಪ್ಪಿಸಬೇಕು.

ತಂದೆತಾಯಿಗಳಿಗೂ ಒಂದು ಮಾತು. ಬೆಲೆಬಾಳುವ ವಸ್ತು ಒಡೆದಾಗ ಸಿಟ್ಟು ಬರುವುದು ಸಹಜ. ಆದರೆ ಬೈಗುಳಕ್ಕೆ ಹೆದರಿದ ಮಗು ಬಿರುಕನ್ನು ಮುಚ್ಚಿಡುತ್ತದೆ. ಮುಚ್ಚಿಟ್ಟ ಅಷ್ಟೂ ದಿನ ಹಲಗೆ ನೀರು ಕುಡಿಯುತ್ತದೆ. ಮುರಿದ ಹಲಗೆಯೊಂದಿಗೆ ಕಡಲ ನಡುವೆ ಸಿಕ್ಕಿಬಿದ್ದರೆ ನಷ್ಟ ಹಣದ್ದಷ್ಟೇ ಆಗಿರಲಾರದು. ‘ಅಪ್ಪಾ, ಹಲಗೆಗೆ ಪೆಟ್ಟಾಯಿತು’ ಎಂದು ಅಂದೇ ಬಂದು ಹೇಳುವ ಮಗುವಿಗೆ ಮೊದಲು ಸಿಗಬೇಕಾದುದು ಒಂದು ಬಕೆಟ್ ಸಿಹಿನೀರು, ನೆರಳಿನಲ್ಲಿ ಹಲಗೆ ನಿಲ್ಲಿಸಲು ಒಂದಿಷ್ಟು ಜಾಗ. ಉಳಿದ ಮಾತು ಹಲಗೆ ಒಣಗಿದ ಮೇಲೂ ಆದೀತು.