ಬಯಲಾಟದ ರಕ್ಕಸನಿಗೆ ಒಡೆಯರು ಯಾರು?

ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಬಯಲಾಟಕ್ಕೆ ಅಟ್ಟ ಕಟ್ಟಿದಾಗ, ರಕ್ಕಸನ ಪ್ರವೇಶ ನೋಡಲೆಂದೇ ನಿದ್ದೆಗೆಟ್ಟು ಕೂರುವವರು ಇಂದಿಗೂ ಇದ್ದಾರೆ. ದೊಡ್ಡ ಮೀಸೆ, ಕಿರೀಟ, ಭುಜಕೀರ್ತಿ ಧರಿಸಿ ಪರದೆಯ ಹಿಂದಿನಿಂದ ಅಬ್ಬರಿಸುತ್ತ ಬರುವ ಆ ಪಾತ್ರವನ್ನು ಸಾರಥಿಯು ತಡೆದು, ಹೆಸರೇನು, ಪಟ್ಟಣ ಯಾವುದು ಎಂದು ವಿಚಾರಿಸುತ್ತಾನೆ. ರಕ್ಕಸನು ತನ್ನ ಕುಲ, ಪರಾಕ್ರಮಗಳನ್ನು ತಾನೇ ಸಾರಿಕೊಳ್ಳಬೇಕು. ಆದರೆ ನೀನು ಯಾರ ಸ್ವತ್ತು ಎಂದು ಯಾವ ಸಾರಥಿಯೂ ಕೇಳಿದ್ದಿಲ್ಲ. ಆ ಪ್ರಶ್ನೆ ಎದ್ದದ್ದು ದೂರದ ಅಮೆರಿಕದಲ್ಲಿ, ಆಟದ ಪುಸ್ತಕಗಳ ವ್ಯಾಪಾರದಲ್ಲಿ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ವೇಷವಿಲ್ಲದೆ ಕುಳಿತಲ್ಲಿಯೇ ಪಾತ್ರವಾಗಿ ಮಾತನಾಡುವ ನಮ್ಮ ತಾಳಮದ್ದಳೆಗೆ ದಾಳವನ್ನು ಸೇರಿಸಿದರೆ ಹೇಗಿರಬಹುದೋ ಹೆಚ್ಚುಕಡಿಮೆ ಹಾಗಿರುವ ಆಟವಿದು. ಒಬ್ಬನು ಕಥೆಯನ್ನು ನಡೆಸುತ್ತಾನೆ, ಉಳಿದವರು ವೀರರಾಗುತ್ತಾರೆ, ಎದುರಾಳಿಗಳಾಗಿ ಪುಸ್ತಕದೊಳಗಿನ ದೈತ್ಯರು ಬರುತ್ತಾರೆ. ಹೀಗಾಗಿ ಈ ಉದ್ಯಮದ ಬಂಡವಾಳದಲ್ಲಿ ದೈತ್ಯರ ಪಟ್ಟಿಗೆ ದೊಡ್ಡ ಪಾಲಿದೆ.

ಆ ಪಟ್ಟಿಗೆ ನಮ್ಮ ರಾಕ್ಷಸನೂ ಬಹುಬೇಗ ಸೇರಿದ. 1977ರ 'ಮಾನ್‌ಸ್ಟರ್ ಮ್ಯಾನ್ಯುಯಲ್' ಪುಸ್ತಕದಲ್ಲಿ ಅವನಿಗೆ ಅದೇ ಹೆಸರಿದೆ. ಇವರು ಮೊದಲು ಕಾಣಿಸಿಕೊಂಡದ್ದು ಭಾರತದಲ್ಲಿ ಎಂಬ ಒಪ್ಪಿಗೆಯೂ ಇದೆ. ರೂಪ ಮಾತ್ರ ಬೇರೆ: ಮನುಷ್ಯನ ಮೈ, ಹುಲಿಯ ತಲೆ, ಹಿಂದುಮುಂದಾದ ಅಂಗೈ. ಈ ಭಾಗದ ಮೊಹರಂನಲ್ಲಿ ಹರಕೆ ಹೊತ್ತು ಹುಲಿವೇಷ ಹಾಕುವವರನ್ನು ಕಂಡವರಿಗೆ ಹುಲಿಯ ತಲೆ ಅಚ್ಚರಿಯೆನಿಸದು. ಆದರೂ ರಾವಣನನ್ನಾಗಲಿ, ಹಿಡಿಂಬನನ್ನಾಗಲಿ ಹೀಗೆ ಕಲ್ಪಿಸಿಕೊಂಡವರು ಇಲ್ಲಿಲ್ಲ. 1974ರ ಅಮೆರಿಕದ ಟಿವಿ ಧಾರಾವಾಹಿಯೊಂದರ ಕಂತು ಈ ರೂಪಕ್ಕೆ ಪ್ರೇರಣೆಯಾಯಿತೆಂದು ಹೇಳಲಾಗುತ್ತದೆ.

ಇದಕ್ಕೆ ಅನುಮತಿ ಕೇಳುವ ಪ್ರಸಂಗವೇ ಬರಲಿಲ್ಲ, ಕೇಳಬೇಕಾದದ್ದು ಯಾರನ್ನು? ಆದರೆ ಇದೇ ಆಟ ಆಂಗ್ಲ ಲೇಖಕ ಟೋಲ್ಕಿನ್ ಅವರ ಕಾದಂಬರಿಯಿಂದ 'ಹಾಬಿಟ್' ಎಂಬ ಕುಳ್ಳ ಜನರನ್ನು ತಂದಾಗ ಹಾಗಾಗಲಿಲ್ಲ. ಹಕ್ಕುದಾರರ ಆಕ್ಷೇಪಣೆ ಬಂದೊಡನೆ ಪ್ರಕಾಶಕರಾದ ಟಿಎಸ್‌ಆರ್ ಸಂಸ್ಥೆ ಅವರನ್ನು 'ಹಾಫ್ಲಿಂಗ್' ಎಂದು ಮರುನಾಮಕರಣ ಮಾಡಿತು. 1980ರ 'ಡೀಟೀಸ್ ಅಂಡ್ ಡೆಮಿಗಾಡ್ಸ್' ಪುಸ್ತಕದ ಕಥೆ ಇನ್ನೂ ಸ್ಪಷ್ಟವಾದುದು. ಅದರಲ್ಲಿ ಲವ್‌ಕ್ರಾಫ್ಟ್ ಮತ್ತು ಮೂರ್‌ಕಾಕ್ ಎಂಬ ಲೇಖಕರ ಕಲ್ಪನೆಯ ದೇವತೆಗಳಿದ್ದವು. ಇಂದ್ರ, ಅಗ್ನಿ, ಕಾಳಿಯರೂ ಇದ್ದರು. ಮೊದಲಿನವರನ್ನು ಬಳಸುವ ಪರವಾನಗಿ ಬೇರೊಂದು ಪ್ರಕಾಶನದ ಬಳಿಯಿದ್ದುದರಿಂದ ನಂತರದ ಮುದ್ರಣಗಳಲ್ಲಿ ಆ ಅಧ್ಯಾಯಗಳು ಕಾಣೆಯಾದವು. ಇಂದ್ರಾದಿಗಳ ಅಧ್ಯಾಯ ಹಾಗೆಯೇ ಉಳಿಯಿತು.

2000ನೇ ಇಸವಿಯಲ್ಲಿ ಆಟದ ಅಂದಿನ ಒಡೆಯರಾಗಿದ್ದ ವಿಜಾರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಯು ಮುಕ್ತ ಪರವಾನಗಿಯೊಂದನ್ನು ಜಾರಿಗೆ ತಂದಿತು. ಇತರರೂ ಆಟದ ನಿಯಮಗಳನ್ನು ಬಳಸಿ ಪುಸ್ತಕ ಮಾರಬಹುದಾಯಿತು. ಕೆಲವು ದೈತ್ಯರನ್ನು ಮಾತ್ರ ಸಂಸ್ಥೆ ತನ್ನ ಸ್ವಂತ ಗುರುತೆಂದು ಕಾಯ್ದಿರಿಸಿಕೊಂಡಿತು. ಹಲವು ಕಣ್ಣಿನ 'ಬಿಹೋಲ್ಡರ್', ಹಾವಿನ ಮೈಯ 'ಯುವಾನ್‌-ಟಿ' ಅಂಥವು. ರಾಕ್ಷಸ ಮತ್ತು ನಾಗ ಮುಕ್ತ ಪಟ್ಟಿಯಲ್ಲಿದ್ದರು. 2023ರ ಜನವರಿಯಲ್ಲಿ ಈ ಪರವಾನಗಿಯನ್ನು ಬಿಗಿಗೊಳಿಸುವ ಪ್ರಯತ್ನ ನಡೆದು, ಆಟಗಾರರ ಪ್ರತಿಭಟನೆಯಿಂದ ಸಂಸ್ಥೆ ಹಿಂದೆ ಸರಿದು, ಅದೇ ತಿಂಗಳ 27ರಂದು ಮೂಲ ನಿಯಮಾವಳಿಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಈ ಪರವಾನಗಿಯ ಷರತ್ತು ಒಂದೇ: ಬಳಸುವವರು ಸಂಸ್ಥೆಯ ಹೆಸರನ್ನು ನಮೂದಿಸಬೇಕು. ಅಂದರೆ ಆ ಪಠ್ಯದಿಂದ ರಾಕ್ಷಸನ ವಿವರವನ್ನು ಎತ್ತಿಕೊಳ್ಳುವ ಬೆಂಗಳೂರಿನ ಪ್ರಕಾಶಕನೂ ಅಮೆರಿಕದ ಸಂಸ್ಥೆಯೊಂದಕ್ಕೆ ಋಣ ಸಲ್ಲಿಸಬೇಕು. ಹಾಸ್ಯವೆನಿಸಿದರೂ ಕಾನೂನಿನ ದೃಷ್ಟಿಯಲ್ಲಿ ಇದರಲ್ಲಿ ದೋಷವಿಲ್ಲ. ಋಣ ಸಲ್ಲುವುದು ಆ ಬರಹಕ್ಕೆ. ರಾಕ್ಷಸನಿಗೆ ಅವರೂ ಒಡೆಯರಲ್ಲ.

ಬರಹ ಬೇರೆ, ಬರಹದ ಹಿಂದಿನ ಪರಂಪರೆ ಬೇರೆ ಎಂಬ ಈ ಭೇದವನ್ನು ಕರ್ನಾಟಕದ ಕಲೆಯೊಂದರ ವಿಷಯದಲ್ಲಿ ಸುಪ್ರೀಂ ಕೋರ್ಟು ಕೂಡ ತೂಗಿ ನೋಡಿದೆ. ಡಾ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟು ನೃತ್ಯರೂಪಕಗಳನ್ನು ನಿರ್ಮಿಸಿದ್ದರು. 1994ರ ಉಯಿಲಿನಲ್ಲಿ ತಮ್ಮ ಹಕ್ಕುಗಳನ್ನು ಮಾಲಿನಿ ಮಲ್ಯ ಅವರಿಗೆ ಬಿಟ್ಟು, 1997ರಲ್ಲಿ ನಿಧನರಾದರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ವತಿಯಿಂದ ದೆಹಲಿಯಲ್ಲಿ 'ಅಭಿಮನ್ಯು ವಧೆ' ಪ್ರದರ್ಶನಗೊಂಡಾಗ ಮಲ್ಯ ಅವರು ನ್ಯಾಯಾಲಯದ ಮೊರೆ ಹೊಕ್ಕರು. 2009ರ ಜನವರಿ 23ರಂದು ಸುಪ್ರೀಂ ಕೋರ್ಟು ಅವರ ಹಕ್ಕನ್ನು ಎತ್ತಿ ಹಿಡಿಯಿತು. ಶಿಕ್ಷಣ ಸಂಸ್ಥೆಗಳ ಪ್ರದರ್ಶನ ಮುಂತಾದವುಗಳಿಗೆ ಕಾಯ್ದೆಯಲ್ಲಿರುವ ವಿನಾಯಿತಿ ಅನ್ವಯಿಸುತ್ತದೆಂದೂ ಸ್ಪಷ್ಟಪಡಿಸಿತು. ಯಕ್ಷಗಾನಕ್ಕೆ ಕಾರಂತರು ಒಡೆಯರೆಂದಾಗಲಿ, ಅಭಿಮನ್ಯು ಅವರ ಸ್ವತ್ತೆಂದಾಗಲಿ ಇದರ ಅರ್ಥವಲ್ಲ. ಅವರು ಹೊಸದಾಗಿ ಸೇರಿಸಿದ್ದು ಮಾತ್ರ ಅವರದು.

ಹೆಸರನ್ನು ಗುತ್ತಿಗೆ ಹಿಡಿಯುವುದಕ್ಕೂ ಮಿತಿಯಿದೆ. ಅಗರಬತ್ತಿಗೆ 'ರಾಮಾಯಣ' ಎಂಬ ಪದವನ್ನೇ ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಲಾಗದೆಂದು ಸುಪ್ರೀಂ ಕೋರ್ಟು 2015ರಲ್ಲಿ ತೀರ್ಪಿತ್ತಿದೆ.

ಹಾಗಾದರೆ ರಕ್ಕಸನ ಒಡೆತನವನ್ನು ಅವನನ್ನು ಸಾಕಿ ಬೆಳೆಸಿದ ಸಮುದಾಯಕ್ಕೇ ವಹಿಸಬಾರದೇಕೆ ಎಂಬ ವಾದವಿದೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಜಾನಪದ ಅಭಿವ್ಯಕ್ತಿಗಳ ರಕ್ಷಣೆಯ ಕುರಿತ ಮಾತುಕತೆ ಎರಡು ದಶಕಗಳಿಗೂ ಮೀರಿ ಎಳೆದಿದೆ; 2024ರ ಮೇ ತಿಂಗಳಲ್ಲಿ ಅಲ್ಲಿ ಅಂಗೀಕೃತವಾದ ಒಪ್ಪಂದವು ತಳಿ ಸಂಪನ್ಮೂಲ ಹಾಗೂ ಅದಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನಕ್ಕಷ್ಟೇ ಸೀಮಿತವಾಗಿದೆ. ಆದರೆ ಈ ವಾದದಲ್ಲೊಂದು ತೊಡಕಿದೆ. ರಾಕ್ಷಸನು ರಾಯಚೂರು ಜಿಲ್ಲೆಯವನಷ್ಟೇ ಅಲ್ಲ, ಜಾವಾ ದ್ವೀಪದ ಬೊಂಬೆಯಾಟದಲ್ಲೂ ಇದ್ದಾನೆ. ಅವನಿಗೆ ಒಡೆಯನೊಬ್ಬ ಹುಟ್ಟಿಕೊಂಡ ದಿನ, ಮೊದಲು ಅನುಮತಿ ಪತ್ರ ಹಿಡಿದು ನಿಲ್ಲಬೇಕಾದವನು ಹಳ್ಳಿಯ ಬಯಲಾಟದ ಮೇಳದವನೇ ಆದಾನು. ಒಡೆಯನಿಲ್ಲದಿರುವುದೇ ಅವನಿಗೆ ಕ್ಷೇಮ.

ಕಲಾವಿದರು ನಿಜವಾಗಿ ಕಳೆದುಕೊಳ್ಳುತ್ತಿರುವುದು ಬೇರೆ ಕಡೆ. 1957ರ ಕೃತಿಸ್ವಾಮ್ಯ ಕಾಯ್ದೆಯು ಪ್ರದರ್ಶಕರ ಹಕ್ಕನ್ನು ಗುರುತಿಸುತ್ತದೆ. ಪ್ರದರ್ಶಕರೆಂದರೆ ಯಾರು ಎಂಬ ವ್ಯಾಖ್ಯೆಯಲ್ಲಿ ನಟ, ಗಾಯಕ, ನರ್ತಕರ ಸಾಲಿನಲ್ಲಿ ಹಾವಾಡಿಗನ ಹೆಸರೂ ಇದೆ. ಬಯಲಾಟದ ರಕ್ಕಸ ಪಾತ್ರಧಾರಿ ಅದರಿಂದ ಹೊರಗುಳಿಯುವ ಮಾತೇ ಇಲ್ಲ. ಈ ಹಕ್ಕಿನ ಅವಧಿ 50 ವರ್ಷ. 2012ರ ತಿದ್ದುಪಡಿಯ ಪ್ರಕಾರ, ಚಿತ್ರೀಕರಣಕ್ಕೆ ಲಿಖಿತ ಒಪ್ಪಿಗೆ ಕೊಟ್ಟ ಬಳಿಕ, ವಿರುದ್ಧವಾದ ಕರಾರಿಲ್ಲದಿದ್ದರೆ, ನಿರ್ಮಾಪಕರ ಬಳಕೆಗೆ ಪಾತ್ರಧಾರಿ ಅಡ್ಡಿಪಡಿಸುವಂತಿಲ್ಲ. ಆದರೆ ವಾಣಿಜ್ಯ ಬಳಕೆಯಾದರೆ ಗೌರವಧನ ಪಡೆಯಬಹುದು, ತನ್ನ ಹೆಸರು ನಮೂದಾಗಬೇಕೆಂದೂ ಕೇಳಬಹುದು. ರಾತ್ರಿಯಿಡೀ ನಡೆವ ಆಟ ಮೊಬೈಲಿನಲ್ಲಿ ಚಿತ್ರಿತವಾಗಿ ಬೆಳಗಾಗುವುದರೊಳಗೆ ಯೂಟ್ಯೂಬಿನಲ್ಲಿರುವ ಈ ಕಾಲದಲ್ಲಿ, ಮೇಳದ ಮುಂದೆ ಯಾವ ಕಾಗದ ಬರುತ್ತದೆ, ಅದಕ್ಕೆ ಯಾರು ಸಹಿ ಹಾಕುತ್ತಾರೆ ಎಂಬುದೇ ಮುಖ್ಯ.

ಪ್ರಸಂಗ ಬರೆದ ಕವಿಯದು ಮತ್ತೊಂದು ಪಾಡು. ಕೈಯಿಂದ ಕೈಗೆ ನಕಲಾಗುವ ಹೊತ್ತಿಗೆಯಲ್ಲಿ ಮೂಲ ಕರ್ತೃವಿನ ಹೆಸರು ಬಿಟ್ಟುಹೋಗುವುದು ಸುಲಭ. ಹೆಸರಿನ ಬೆಲೆಯೇನೆಂಬುದಕ್ಕೆ ಮಸ್ಕಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಹೆಚ್ಚಿನ ಶಾಸನಗಳು 'ದೇವಾನಾಂಪ್ರಿಯ' ಎಂಬ ಬಿರುದನ್ನಷ್ಟೇ ಹೇಳುತ್ತಿದ್ದಾಗ, 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಬಂಡೆ ಅಶೋಕನೆಂಬ ಹೆಸರನ್ನೇ ಹೇಳಿ, ಅವುಗಳನ್ನು ಬರೆಸಿದವನು ಯಾರೆಂಬ ಚರ್ಚೆಗೆ ತೆರೆ ಎಳೆಯಿತು. ಪ್ರಸಂಗದ ಹೊತ್ತಿಗೆಯ ಕರ್ತೃ ಯಾರೆಂದು ತಿಳಿದರೆ ಅದಕ್ಕೂ ಕಾನೂನಿನ ಫಲವುಂಟು. ಕೃತಿಕಾರನು ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ವಾರಸುದಾರರದು. ಉದಾಹರಣೆಗೆ 1970ರಲ್ಲಿ ತೀರಿಕೊಂಡ ಕವಿಯ ಪ್ರಸಂಗವನ್ನು 2030ರ ಡಿಸೆಂಬರ್ 31ರವರೆಗೆ ಅಚ್ಚು ಹಾಕಿ ಮಾರುವವರು ಆತನ ಮನೆಯವರನ್ನು ಕೇಳಬೇಕು. ಅದರೊಳಗಿನ ರಕ್ಕಸನನ್ನು ಬೇರೊಂದು ಪ್ರಸಂಗದಲ್ಲಿ, ತಮ್ಮದೇ ಮಾತಿನಲ್ಲಿ ಕುಣಿಸುವವರು ಯಾರನ್ನೂ ಕೇಳಬೇಕಿಲ್ಲ.